ಹಿತ್ತಲಿನ ಪಾಲುದಾರರು

ಆಶ್ವಯುಜದ ಹುಣ್ಣಿಮೆಯಂದು ಭದ್ರಾವತಿಯ ಸುತ್ತಿನ ರೈತರು ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದೇ ಬಗೆದು ಭೂಮಿತಾಯಿಗೆ ಬಯಕೆಯೂಟ ಬಡಿಸುತ್ತಾರೆ. ಅದರಲ್ಲಿ ಕಾಗೆಗೂ ಇಲಿಗೂ ಒಂದೊಂದು ಎಡೆಯುಂಟು. ಕಾಗದದ ಕಾರ್ಖಾನೆಯ ವಸತಿಗೃಹಗಳ ಹಿತ್ತಲಿಗೂ ಈ ಧರ್ಮ ಸಲ್ಲುತ್ತಿತ್ತು. ಬೇಲಿಯ ಹೀರೆ ಮನೆಗಾದರೆ, ಮರದಲ್ಲೇ ಮಾಗಿದ ಪರಂಗಿ ಅಳಿಲಿಗೆ, ಬಸವನಹುಳು ಕೆಂಬೂತಕ್ಕೆ, ತಂಗಳನ್ನ ನಾಯಿಗೆ. ಕೋತಿಗಳು ಮಾತ್ರ ಪಾಲು ಕೇಳಿ ಪಡೆಯುವ ಸೌಜನ್ಯವನ್ನು ಎಂದೂ ಕಲಿಯಲಿಲ್ಲ!

2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಮನೆ ತೆರವು ಮಾಡುವ ಗೃಹಿಣಿ ಒಣಗಿದ ಹೀರೆಯ ಬೀಜವನ್ನು ಸೆರಗಿನಲ್ಲಿ ಗಂಟುಕಟ್ಟಿ ಒಯ್ಯಬಲ್ಲಳು. ಬೆಂಗಳೂರಿನ ಬಾಡಿಗೆಯ ಮಹಡಿಗೆ ನಾಯಿಯನ್ನು ಒಯ್ಯುವುದೆಂತು? ಪಕ್ಕದ ಮನೆಯವರಿಗೆ ಒಪ್ಪಿಸಿದರೂ, ಉಂಡಾದ ಮೇಲೆ ಅದು ಬೀಗ ಬಿದ್ದ ತನ್ನ ಬಾಗಿಲಿಗೇ ಮರಳಿ ಮಲಗುತ್ತದೆ.