ತಂತಿ ಕಳಚಿದ ಚಕ್ರ

ಗ್ರೈಂಡರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಗೃಹಿಣಿಯರಿಗೆ ನೆನಪಾಗುವುದು ದೋಸೆಯ ಹಿಟ್ಟು. ಅದೇ ಹೆಸರಿನ ಇನ್ನೊಂದು ಯಂತ್ರವೂ ಉಂಟು. ಅದರ ಪಾಲಿಗೆ ಬರುವುದು ಅಕ್ಕಿ ಉದ್ದಲ್ಲ. ಕಬ್ಬಿಣ ಮತ್ತು ಕಲ್ಲು. ವೆಲ್ಡಿಂಗ್ ಅಂಗಡಿಯ ಮುಂದೆ ಕಿವಿಗಡಚಿಕ್ಕುವ ಕೀರಲು ಸದ್ದಿನೊಡನೆ ಬೀದಿಗೆ ಕಿಡಿಗಳ ಮಳೆ ಸುರಿಸುವ ಯಂತ್ರವೇ ಅದು. ಅಂಗಡಿಯವರು ಅದನ್ನು ಆಂಗಲ್ ಗ್ರೈಂಡರ್ ಎನ್ನುತ್ತಾರೆ; ಕೆಲಸಗಾರರ ಬಾಯಲ್ಲಿ ಅದು ಬರಿಯ ಕಟಿಂಗ್ ಮಿಷನ್. ಹಿಡಿಯೊಳಗಿನ ಮೋಟಾರಿನ ತಿರುಗಾಟವನ್ನು ಓರೆ ಹಲ್ಲಿನ ಗಾಲಿಗಳೆರಡು ಲಂಬಕೋನಕ್ಕೆ ಹೊರಳಿಸಿ ತುದಿಯ ಚಕ್ರಕ್ಕೆ ಒಪ್ಪಿಸುತ್ತವೆ. ಹೆಸರಿನಲ್ಲಿರುವ ಕೋನ ಬಂದುದು ಅಲ್ಲಿಂದ. ಅತಿವೇಗದ ಇಂಥ ಯಂತ್ರವನ್ನು 1954ರಲ್ಲಿ ಹೊರತಂದುದು ಜರ್ಮನಿಯ ಫ್ಲೆಕ್ಸ್ ಸಂಸ್ಥೆ. ಆ ದೇಶದ ಜನ ಇಂದಿಗೂ ಯಾವ ಕಂಪನಿಯ ಯಂತ್ರವನ್ನಾದರೂ ಫ್ಲೆಕ್ಸ್ ಎಂದೇ ಕರೆಯುವುದುಂಟು.

ಈ ಯಂತ್ರಕ್ಕೆ ಈಗ ತಂತಿಯ ಹಂಗು ಹರಿದಿದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯು ಮೊದಲು ಕ್ಯಾಮೆರಾ, ದೂರವಾಣಿಗಳಿಗೆ ಸೇರಿ, ಆಮೇಲೆ ಬಡಗಿಯ, ಕಮ್ಮಾರನ ಕೈಗೂ ಬಂದಿತು. ಮಳವಳ್ಳಿ ತಾಲೂಕಿನ ಪೂರಿಗಾಲಿಯಂಥ ಊರಿಗೆ ಇದೊಂದು ದೊಡ್ಡ ಅನುಕೂಲವೇ ಸರಿ. ಹೊಲದ ಗೇಟು ತುಕ್ಕು ಹಿಡಿದಿರುತ್ತದೆ. ಪಂಪುಮನೆಯ ಬೀಗದ ಕೈ ಕಳೆದಿರುತ್ತದೆ. ನೇಗಿಲಿನ ಬೋಲ್ಟು ಕದಲದೆ ಕುಳಿತಿರುತ್ತದೆ. ಹಿಂದೆ ಇವನ್ನೆಲ್ಲ ಬಂಡಿಗೆ ಹೇರಿ ಅಂಗಡಿಗೆ ಒಯ್ಯಬೇಕಾಗಿತ್ತು. ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿದ ಮಗ ಹಬ್ಬಕ್ಕೆ ಬರುವಾಗ ಚೀಲದಲ್ಲಿ ಯಂತ್ರವನ್ನು ಹಾಕಿಕೊಂಡು ಬಂದರೆ ಸಾಕು. ಇದೇ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆದು, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದಾಗ, ಅಷ್ಟು ದೂರ ತಂತಿ ಎಳೆದುದೇ ಜಗತ್ತು ಮೆಚ್ಚಿದ ಸಾಹಸವಾಗಿತ್ತು. ಅದೇ ನೆಲದಲ್ಲಿ ಇಂದು ತಂತಿಯನ್ನು ಕಳಚಿದುದೇ ಸೌಕರ್ಯ.

ಆದರೆ ತಂತಿಯೊಡನೆ ಅಪಾಯವೂ ಕಳಚಿತೆಂದು ಭಾವಿಸುವವರು ಬಹಳ. ತಂತಿಯಿದ್ದಾಗ ಅದನ್ನು ಎಳೆಯುವುದು, ಸಿಕ್ಕಿಸುವುದು, ಕೆಲಸ ಮುಗಿದೊಡನೆ ಕೀಳುವುದು—ಈ ಗೊಡವೆಯೇ ಕೆಲಸಗಾರನನ್ನು ಒಂದು ಕ್ಷಣ ನಿಲ್ಲಿಸುತ್ತಿತ್ತು. ಬ್ಯಾಟರಿಯ ಯಂತ್ರವಾದರೋ ಚೀಲದಿಂದ ತೆಗೆದೊಡನೆ ತಿರುಗಲು ಸಿದ್ಧ. ಮಗುವಿನ ಬೆರಳು ಗುಂಡಿಗೆ ತಗಲಿದರೂ ಅದಕ್ಕೆ ಭೇದವಿಲ್ಲ. ಆದಕಾರಣ ಮೊದಲನೆಯ ನಿಯಮವಿದು: ಚಕ್ರ ಬದಲಾಯಿಸುವಾಗ, ಗಾರ್ಡನ್ನು ಸರಿಪಡಿಸುವಾಗ, ಯಂತ್ರವನ್ನು ಒಳಗಿಡುವಾಗ ಬ್ಯಾಟರಿಯನ್ನು ಕಳಚಿ ಬೇರೆ ಇಡತಕ್ಕದ್ದು. ಗುಂಡಿ ಮುಂದಕ್ಕೆ ಸರಿದಿಲ್ಲವೆಂಬುದನ್ನು ನೋಡಿದ ಮೇಲೆಯೇ ಅದನ್ನು ಮತ್ತೆ ಸೇರಿಸತಕ್ಕದ್ದು.

ಚಕ್ರದ ವೇಗವನ್ನು ಲೆಕ್ಕ ಹಾಕಿ ನೋಡಿದರೆ ಈ ಎಚ್ಚರಿಕೆ ಅತಿಯೆನಿಸದು. 125 ಮಿಲಿಮೀಟರ್ ಅಗಲದ ಚಕ್ರವು ನಿಮಿಷಕ್ಕೆ 8,500 ಸುತ್ತು ಸುತ್ತಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗೊತ್ತುಮಾಡಿದ ವೇಗಮಿತಿಗೆ ಇದು ಇಮ್ಮಡಿ. ಆ ವೇಗದಲ್ಲಿ ಚಕ್ರ ಒಡೆದರೆ ಅದರ ಚೂರಿಗೂ ಗುಂಡಿಗೂ ಹೆಚ್ಚು ಅಂತರವಿಲ್ಲ. ಯಂತ್ರದ ಗಾರ್ಡ್ ಇರುವುದು ಈ ಚೂರನ್ನು ತಡೆಯುವುದಕ್ಕೆ. ಕೆಲಸಕ್ಕೆ ಅಡ್ಡಬರುತ್ತದೆಂದು ಮೊದಲು ಬಿಚ್ಚಿ ಮೂಲೆಗೆ ಎಸೆಯುವುದೂ ಅದನ್ನೇ! ಗಾರ್ಡ್ ಹೋದ ಸಣ್ಣ ಯಂತ್ರಕ್ಕೆ ಸವೆದ ದೊಡ್ಡ ಚಕ್ರವನ್ನು ತೊಡಿಸುವ ಜಾಣತನ ಇನ್ನೂ ಕೇಡು. 180 ಮಿಲಿಮೀಟರಿನ ಚಕ್ರ ಸಾಮಾನ್ಯವಾಗಿ ತಾಳುವುದು ನಿಮಿಷಕ್ಕೆ 8,500 ಸುತ್ತನ್ನು. ತಂತಿಯುಳ್ಳ ಸಣ್ಣ ಯಂತ್ರಗಳು ತಿರುಗುವುದು ಸುಮಾರು 11,000 ಸುತ್ತು. ತಾಳುವ ವೇಗವೆಷ್ಟು ಎಂಬುದು ಚಕ್ರದ ಮೇಲೆಯೇ ಅಚ್ಚಾಗಿರುತ್ತದೆ. ನಡುವಿನ ಲೋಹದ ಉಂಗುರದಲ್ಲಿ ಔಷಧದ ಸೀಸೆಗಿರುವಂತೆ ಅವಧಿಯೂ ಬರೆದಿರುತ್ತದೆ. ಅವಧಿ ಮೀರಿದುದನ್ನು, ಬಿದ್ದು ಬಿರುಕುಬಿಟ್ಟುದನ್ನು, ನೀರು ಕುಡಿದುದನ್ನು ಮುರಿದು ಎಸೆಯುವುದೇ ಲೇಸು. ಹೊಸ ಚಕ್ರ ತೊಡಿಸಿದಾಗಲೂ ಯಂತ್ರವನ್ನು ಜನರಿಲ್ಲದ ಕಡೆಗೆ ತಿರುಗಿಸಿ ಹಿಡಿದು ಅರ್ಧ ನಿಮಿಷ ಬರಿದೇ ಓಡಿಸಿ ನೋಡಬೇಕು.

ಇನ್ನು ಕೊಯ್ಯುವ ಕ್ರಮ. ಕಬ್ಬಿಣವನ್ನು ಕೊಯ್ಯಲು ಒಂದು ಮಿಲಿಮೀಟರ್ ದಪ್ಪದ ತೆಳು ಚಕ್ರ, ಉಜ್ಜಿ ನಯಮಾಡಲು ಆರು ಮಿಲಿಮೀಟರಿನ ದಪ್ಪ ಚಕ್ರ. ತೆಳು ಚಕ್ರದ ಪಕ್ಕೆಯಿಂದ ಉಜ್ಜಿದರೆ ಅದು ಹಪ್ಪಳದಂತೆ ಮುರಿಯುತ್ತದೆ. ದಪ್ಪ ಚಕ್ರವನ್ನು ಕೂಡ ಲೋಹಕ್ಕೆ 15ರಿಂದ 30 ಡಿಗ್ರಿ ಓರೆಯಾಗಿ ಹಿಡಿಯಬೇಕು. ಕೊಯ್ಯುವ ಸಾಮಾನನ್ನು ಕಾಲಿನಿಂದ ಮೆಟ್ಟಿ ಹಿಡಿಯದೆ ವೈಸಿನಲ್ಲಿ ಬಿಗಿದು, ಯಂತ್ರದ ಪಕ್ಕದ ಹಿಡಿಯನ್ನೂ ಸೇರಿಸಿ ಎರಡು ಕೈಗಳಿಂದ ಹಿಡಿದು, ಚಕ್ರದ ನೇರಕ್ಕೆ ಮುಖವೊಡ್ಡದೆ ತುಸು ಪಕ್ಕಕ್ಕೆ ನಿಲ್ಲಬೇಕು. ಸರಳಿನ ಎರಡು ತುದಿಗಳಿಗೆ ಆಸರೆ ಕೊಟ್ಟು ನಡುವೆ ಕೊಯ್ದರೆ ಅದು ಬಾಗಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ. ಆಗ ಯಂತ್ರವು ಕುದುರೆಯಂತೆ ಒದೆಯುತ್ತದೆ. ತೊಲೆ ಕೊಯ್ಯುವ ಬಡಗಿಗೆ ತಿಳಿದ ಮಾತೇ ಇದು: ತುಂಡಾಗಿ ಬೀಳುವ ಭಾಗ ಸಡಿಲಾಗಿರಬೇಕು. ಬಲವಾಗಿ ಒತ್ತಿದರೆ ಕೆಲಸ ಬೇಗ ಸಾಗೀತೆಂಬುದೂ ಭ್ರಮೆ. 18 ವೋಲ್ಟು, 4 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿರುವುದು 72 ವ್ಯಾಟ್ ಗಂಟೆಯ ಶಕ್ತಿ. ಯಂತ್ರವು 700 ವ್ಯಾಟ್ ಎಳೆಯುವಷ್ಟು ಒತ್ತಿದರೆ ಆರೇ ನಿಮಿಷದಲ್ಲಿ ಅದು ಬರಿದು. ಚಕ್ರವನ್ನು ತನ್ನ ವೇಗದಲ್ಲಿ ತಿರುಗಗೊಟ್ಟು, ಯಂತ್ರದ ಭಾರದಿಂದಲೇ ಕೊಯ್ಯಗೊಟ್ಟರೆ ಬ್ಯಾಟರಿಯೂ ಬಾಳುತ್ತದೆ, ಅಂಚೂ ನೇರವಾಗುತ್ತದೆ. ನೀರಾವರಿಯ ಪ್ಲಾಸ್ಟಿಕ್ ಕೊಳವೆಗೆ ಈ ಯಂತ್ರ ಸಲ್ಲದು. ಬಿಸಿಗೆ ಕೊಳವೆ ಕರಗಿ ಮೆತ್ತಿಕೊಳ್ಳುತ್ತದೆ; ಅದಕ್ಕೆ ಕೈಗರಗಸವೇ ಸರಿ.

ಬಯಲಿನಲ್ಲಿ ಕೆಲಸ ಮಾಡುವವನು ನೆನಪಿಡಬೇಕಾದುದು ಕಿಡಿಯನ್ನು. ಪಟ್ಟಣದ ಸಿಮೆಂಟು ನೆಲದ ಮೇಲೆ ಬಿದ್ದ ಕಿಡಿ ಆರಿಹೋಗುತ್ತದೆ. ಮಂಡ್ಯದ ಸೀಮೆಯಲ್ಲಿ ಅದು ಬೀಳುವುದು ಕಬ್ಬಿನ ಒಣ ತರಗಿನ ಮೇಲೆ, ಹುಲ್ಲಿನ ಮೆದೆಯ ಮೇಲೆ, ಆಲೆಮನೆಯ ಸಿಪ್ಪೆಯ ಮೇಲೆ. ಹತ್ತು ಹನ್ನೊಂದು ಮೀಟರಿನ ಸುತ್ತಳತೆಯಲ್ಲಿ ಒಣಗಿದ್ದೇನೂ ಇರಕೂಡದು; ಇದ್ದರೆ ನೀರು ಚಿಮುಕಿಸಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಮೊದಲೇ ಎರಡು ಬಿಂದಿಗೆ ನೀರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಸುಲಭ. ಒಳಗೊಳಗೇ ಹೊಗೆಯಾಡುವ ತರಗು ತಡವಾಗಿ ಉರಿಯುವುದರಿಂದ, ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಆ ಜಾಗದ ಮೇಲೆ ಕಣ್ಣಿಟ್ಟಿರಬೇಕು. ಜೋಲಾಡುವ ಪಂಚೆ, ಹೆಗಲ ಮೇಲಿನ ಟವೆಲು, ಸೆರಗು, ದುಪಟ್ಟಾ—ಇವು ಚಕ್ರದ ಬಳಿ ಸುಳಿಯಕೂಡದು.

ಕಲ್ಲು, ಟೈಲ್ಸು ಕೊಯ್ಯುವಾಗ ಏಳುವ ಬಿಳಿಯ ಧೂಳು ಕಿಡಿಗಿಂತ ಮೌನವಾದ ವೈರಿ. ಶಿವನಸಮುದ್ರದ ವಿದ್ಯುತ್ತು ಬೆಳಗಿದ ಅದೇ ಕೋಲಾರದ ಗಣಿಯಲ್ಲಿಯೇ, 1934ರಲ್ಲಿ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು ಭಾರತದಲ್ಲಿ ಮೊದಲು ವರದಿಯಾದುದು. ಆ ರೋಗಕ್ಕೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಮುಖಕ್ಕೆ ಕಟ್ಟಿದ ಕರವಸ್ತ್ರವು ಆ ಸೂಕ್ಷ್ಮ ಧೂಳನ್ನು ತಡೆಯದು. ಬಿಗಿಯಾಗಿ ಕೂರುವ ಎನ್-95 ಮಾಸ್ಕೇ ಬೇಕು. ಕಿವಿಗೂ ಮುಚ್ಚಳ ಬೇಕು. ಬ್ಯಾಟರಿಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ: ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬಾರದು, ಕಾದಿರುವಾಗಲೇ ಚಾರ್ಜಿಗೆ ಹಾಕಬಾರದು, ಉಬ್ಬಿದುದನ್ನೂ ಒಡೆದುದನ್ನೂ ಬಳಸಬಾರದು.

ಕೊನೆಯದಾಗಿ ಕಣ್ಣು. ತಂಪು ಕನ್ನಡಕ ರಕ್ಷೆಯಲ್ಲ. ಪಕ್ಕಗಳೂ ಮುಚ್ಚಿದ ಸುರಕ್ಷಾ ಕನ್ನಡಕ ಬೇಕು. ಕಬ್ಬಿಣದ ಕಣ ಕಣ್ಣಿಗೆ ಸಿಡಿದರೆ ಉಜ್ಜಕೂಡದು. ಬೆಂಕಿಕಡ್ಡಿಯಿಂದಲೋ ಬಟ್ಟೆಯ ತುದಿಯಿಂದಲೋ ತೆಗೆಯಬಲ್ಲೆನೆಂದು ಮುಂದೆ ಬರುವ ಗೆಳೆಯರಿಗೆ ಕಣ್ಣನ್ನು ಒಪ್ಪಿಸಲೂ ಕೂಡದು. ಒಳಗುಳಿದ ಕಣ ಒಂದೆರಡು ದಿನದಲ್ಲಿಯೇ ತುಕ್ಕು ಹಿಡಿಯುತ್ತದೆ. ಆ ದಿನವೇ ಕಣ್ಣಿನ ವೈದ್ಯರನ್ನು ಕಾಣುವುದು ವಿವೇಕ. ಹಬ್ಬಕ್ಕೆ ಊರಿಗೆ ಯಂತ್ರ ಒಯ್ಯುವ ಮಗನು ಚೀಲದಲ್ಲಿ ಒಂದಲ್ಲ, ಎರಡು ಕನ್ನಡಕಗಳನ್ನು ಇಟ್ಟುಕೊಳ್ಳಲಿ. ಎದುರಿಗೆ ಗೇಟನ್ನು ಹಿಡಿದು ನಿಲ್ಲುವ ತಂದೆಗೂ ಕಣ್ಣುಗಳುಂಟು.