ಕಿಲೋಮೀಟರ್ ಕಡಿಮೆ, ಸವೆತ ಜಾಸ್ತಿ

‘ವೈಟ್‌ಫೀಲ್ಡ್ ಐಟಿಯವರ ಸ್ಕಾರ್ಪಿಯೊ ಅಣ್ಣಾ, ಸಿಂಗಲ್ ಓನರ್, ಬರೀ 60 ಸಾವಿರ ಓಡಿದೆ.’ ಬ್ರೋಕರ್ ಇಷ್ಟು ಹೇಳಿದರೆ ಸಾಕು, ಊರಲ್ಲೇ ಸಿಗುವ ಗಾಡಿಗಿಂತ ಹೆಚ್ಚು ಬೆಲೆ ಕೊಡಲು ನಮ್ಮವರು ತಯಾರಾಗುತ್ತಾರೆ. ನನ್ನ ಪ್ರಕಾರ ಆ ಹೆಚ್ಚಿನ ದುಡ್ಡು ದಂಡ.

ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಎಷ್ಟು ಗಂಟೆ ಓಡಿದೆ ಅಂತ. ಕಾರು ಅಂದ ತಕ್ಷಣ ಆ ಬುದ್ಧಿ ಮರೆತುಬಿಡುತ್ತೇವೆ. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿಯ ಟ್ರಾಫಿಕ್‌ನಲ್ಲಿ ಗಾಡಿ ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 60 ಸಾವಿರ ಕಿ.ಮೀ. ಓಡಲು 4,000 ಗಂಟೆ ಬೇಕು. ನಮ್ಮ ಕಡೆ ಗಂಟೆಗೆ 40ರಲ್ಲಿ 1 ಲಕ್ಷ ಕಿ.ಮೀ. ಓಡಿದ ಗಾಡಿಗೆ 2,500 ಗಂಟೆ ಸಾಕು. ಈಗ ಹೇಳಿ, ಯಾವ ಎಂಜಿನ್ ಹೆಚ್ಚು ದುಡಿದಿದೆ? ಹೆಜ್ಜೆಹೆಜ್ಜೆಗೂ ತುಳಿದ ಕ್ಲಚ್‌ನ ಸವೆತ ಬೇರೆ.

ಹಾಗಂತ ಹಳ್ಳಿ ಗಾಡಿಯೆಲ್ಲ ಚಿನ್ನ ಅಲ್ಲ. ಧೂಳು, ಹಳ್ಳದ ರಸ್ತೆ, ಓವರ್‌ಲೋಡ್ ಅದನ್ನೂ ತಿಂದಿರುತ್ತವೆ. ಆದ್ದರಿಂದ ಮೀಟರ್ ಬಿಟ್ಟು ಗಾಡಿಯನ್ನೇ ನೋಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಕೆಳಗೆ ಬಗ್ಗಿ ಚಾಸಿಗೆ ತುಕ್ಕು, ವೆಲ್ಡಿಂಗ್ ಇದೆಯೇ ನೋಡಿ. ಸರ್ವಿಸ್ ಬಿಲ್ ಕೇಳಿ, ಅದರಲ್ಲಿ ಬರೆದ ಕಿ.ಮೀ. ಮೀಟರ್‌ಗೆ ತಾಳೆಯಾಗಬೇಕು. ಬಿಲ್ಲೇ ಇಲ್ಲ ಅಂದರೆ ಮೀಟರ್ ಮಾತು ನಂಬಬೇಡಿ.

ಇನ್ನು ಕಾಗದ. ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓದಲ್ಲಿ ಗಾಡಿ ಪಾಸ್ ಆದರೆ ಮಾತ್ರ 5 ವರ್ಷ ಮುಂದುವರಿಯುತ್ತದೆ. 14 ವರ್ಷದ ಗಾಡಿ ಸಸ್ತಾ ಸಿಗುವುದು ಇದಕ್ಕೇ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ, ಅದು ಹೋಗುವ ತನಕ ಪೂರ್ತಿ ಹಣ ಕೊಡಬೇಡಿ. ಮಾರುವವರೂ ಎಚ್ಚರ: 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಗಾಡಿ ಎಷ್ಟೇ ಕೈ ಬದಲಾದರೂ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆ ಅವರದೇ.

ಬ್ರೋಕರ್‌ಗೆ ಕೊಡುವ ಕಮಿಷನ್‌ನಲ್ಲಿ ಸ್ವಲ್ಪವನ್ನು ನಿಮ್ಮೂರಿನ ಮೆಕ್ಯಾನಿಕ್‌ಗೆ ಕೊಟ್ಟು, ಬೆಂಗಳೂರಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ನಾಳೆ ಆ ಗಾಡಿ ರಿಪೇರಿ ಮಾಡಬೇಕಾದವರೂ ಅವರೇ ತಾನೇ?