ಮೊದಲನೆಯ ದರ್ಜೆ

ಮದ್ಯದ ವಿಚಾರವಾಗಿ ಬರೆಯುವವನು ಅದನ್ನು ರುಚಿ ನೋಡಿರಲೇಬೇಕೆಂಬ ನಿಯಮವೇನಾದರೂ ಇದ್ದಿದ್ದರೆ ಈ ವಾರ ನಾನು ಲೇಖನಿಯನ್ನು ಇಲ್ಲಿಯೇ ಕೆಳಗಿಡಬೇಕಾಗುತ್ತಿತ್ತು. ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ದ್ರಾಕ್ಷಾರಸವನ್ನು ನಾನು ಪುಸ್ತಕದಲ್ಲಿ ಓದಿ ಬಲ್ಲೆನೇ ಹೊರತು ಬಟ್ಟಲಿನಲ್ಲಿ ಕಂಡವನಲ್ಲ. ಆದರೂ ಅದರ ಮೇಲ್ದರ್ಜೆಯ ಕತೆಯನ್ನು ಮೊನ್ನೆ ನಮ್ಮ ವೈ.ಎನ್.ಹೊಸಕೋಟೆಯ ಹಿರಿಯ ನೇಕಾರರೊಬ್ಬರ ಜಗುಲಿಯ ಮೇಲೆ ಕುಳಿತು ಉತ್ಸಾಹದಿಂದ ಹೇಳತೊಡಗಿದೆ. ಸೀಸೆಯೊಂದರ ಬೆಲೆಯನ್ನು ಕೇಳಿ ಅವರು ಬೆರಗಾಗಲಿಲ್ಲ.

"ಮೊದಲನೇ ದರ್ಜೆ ಅಂತ ಹೇಳಿದೋರು ಯಾರು ಮೇಷ್ಟ್ರೇ? ಕುಡಿದೋರೋ, ಮಾರಿದೋರೋ?" ಎಂದರು.

ಮಾರಿದವರೇ! 1855ರಲ್ಲಿ, ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, ಪ್ಯಾರಿಸಿನಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ಬೋರ್ಡೋವಿನ ವಾಣಿಜ್ಯ ಮಂಡಲಿಯು ಅಲ್ಲಿಯ ದಲ್ಲಾಳಿಗಳ ಸಂಘದಿಂದ ಒಂದು ಪಟ್ಟಿಯನ್ನು ಕೇಳಿತು. ಎರಡು ವಾರಗಳೊಳಗೆ, ಏಪ್ರಿಲ್ 18ರಂದು, ಪಟ್ಟಿ ಸಿದ್ಧವಾಯಿತು. ಅದಕ್ಕಾಗಿ ಯಾರೂ ಬಟ್ಟಲುಗಳನ್ನು ಸಾಲಾಗಿ ಇರಿಸಿ ರುಚಿ ನೋಡಲಿಲ್ಲ. ಯಾವ ತೋಟದ ರಸಕ್ಕೆ ಬಹುಕಾಲದಿಂದ ಎಷ್ಟು ಬೆಲೆ ಬರುತ್ತಿದೆಯೆಂಬ ಲೆಕ್ಕವೇ ಅವರಿಗೆ ಸಾಕಾಯಿತು. ಕೆಂಪು ರಸಕ್ಕೆ ಐದು ದರ್ಜೆಗಳು. ಮೊದಲನೆಯದರಲ್ಲಿ ಲಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಎಂಬ ನಾಲ್ಕೇ ತೋಟಗಳು. ಅಮೆರಿಕದ ಜೆಫರ್ಸನ್ 1787ರಲ್ಲಿಯೇ ಇವೇ ನಾಲ್ಕನ್ನು ಶ್ರೇಷ್ಠವೆಂದು ಬರೆದಿಟ್ಟಿದ್ದನಾದ್ದರಿಂದ ದಲ್ಲಾಳಿಗಳು ಹೊಸದೇನನ್ನೂ ಕಲ್ಪಿಸಲಿಲ್ಲವೆನ್ನಬೇಕು. ಪೇಟೆಯ ಮಾತಿಗೆ ಮುದ್ರೆಯೊತ್ತಿದರು, ಅಷ್ಟೆ.

ಬೆಲೆ ಹೆಚ್ಚಾದುದರಿಂದ ಮೊದಲ ದರ್ಜೆ. ಮೊದಲ ದರ್ಜೆಯಾದುದರಿಂದ ಬೆಲೆ ಹೆಚ್ಚು. ನಮ್ಮ ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಹಳಿಯುತ್ತಾರೆ. ವರ್ತಕರು ಅದರ ಮೇಲೆ ಮಹಡಿ ಕಟ್ಟುತ್ತಾರೆ.

ಇನ್ನೊಂದು ವಿಚಿತ್ರವುಂಟು. ಈ ದರ್ಜೆ ಮಣ್ಣಿಗೆ ಕೊಟ್ಟುದಲ್ಲ, ತೋಟದ ಹೆಸರಿಗೆ ಕೊಟ್ಟುದು. ಒಡೆಯನು ಪಕ್ಕದ ಹೊಲವನ್ನು ಕೊಂಡು ಸೇರಿಸಿಕೊಂಡರೆ ಆ ಹೊಲದ ಬಳ್ಳಿಗೂ ಪದವಿ ಬರಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರನ್ನೇ ತಿಂದುಹಾಕಿತು. ಕೊನೆಗೆ ಅಮೆರಿಕದ ಬೇರುಗಳ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿಮಾಡಬೇಕಾಯಿತು. ಬೇರು ಬದಲಾದರೂ ದರ್ಜೆ ಬದಲಾಗಲಿಲ್ಲ. ಎರಡನೆಯ ದರ್ಜೆಯ ತಲೆಯಲ್ಲಿದ್ದ ಮೂತೋಂ ತೋಟವೊಂದು ಮಾತ್ರ, ಬ್ಯಾರನ್ ಫಿಲಿಪ್ ದ ರೋಥ್‌ಚೈಲ್ಡರು ದಶಕಗಳ ಕಾಲ ಹೋರಾಡಿದ ಮೇಲೆ, 1973ರಲ್ಲಿ ಕೃಷಿಸಚಿವ ಜಾಕ್ ಶಿರಾಕರ ಸಹಿಯಿಂದ ಮೇಲೇರಿತು. ಮೂರು ವರ್ಷಗಳ ಬಳಿಕ ಪ್ಯಾರಿಸಿನಲ್ಲಿಯೇ, ಹೆಸರು ಮರೆಮಾಡಿದ ಸೀಸೆಗಳಿಂದ ಫ್ರೆಂಚ್ ರಸಜ್ಞರು ರುಚಿ ನೋಡಿ ಕ್ಯಾಲಿಫೋರ್ನಿಯದ ಕೆಂಪು ರಸವೊಂದನ್ನು ಮೂತೋಂ, ಓ-ಬ್ರಿಯೋಂಗಳಿಗಿಂತ ಮೇಲೆ ಕೂರಿಸಿದರು. ಪಟ್ಟಿ ಮಿಸುಕಲಿಲ್ಲ.

ಇಷ್ಟನ್ನೂ ಕೇಳಿ ಯಜಮಾನರು ಎಲೆಯಡಿಕೆ ಉಗುಳಿ ಬಂದರು. "ಪಟ್ಟಿಯಲ್ಲಿ ಹೆಸರಾದ್ರೂ ತೋಟದ್ದೇ ಬರ್ದಿದ್ರಲ್ಲ, ಪುಣ್ಯವಂತರು. ನಾನು ನೇಯ್ದ ಸೀರೆ ಪಟ್ಟಣದ ಗಾಜಿನ ಬೀರು ಸೇರೋ ಹೊತ್ತಿಗೆ ಅದರ ಊರೇ ಬೇರೆ ಆಗಿರುತ್ತೆ. ಹೆಸರು ಇನ್ನೊಂದೂರಿಂದು, ದರ್ಜೆ ಅಂಗಡಿಯವರ್ದು, ಕೂಲಿ ಮಾತ್ರ ನಂದು."

ಮೊಳಕಾಲ್ಮೂರು, ಧರ್ಮಾವರಂ ಸೀರೆಗಳ ಹೆಸರಿಗೆ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷೆ ದೊರೆತುದನ್ನು ಹೇಳಲು ಬಾಯಿ ತೆರೆದೆ. ಆ ಮುಖ ನೋಡಿ ಸುಮ್ಮನಾದೆ. ಒಳಗೆ ಮಗ್ಗದ ಮೇಲೆ ಅಗಲವಾದ ಜರಿಯಂಚಿನ ಸೀರೆ ಮುಕ್ಕಾಲು ಮುಗಿದಿತ್ತು. ಇಂಥ ಸೆರಗನ್ನು ನಾನು ನೋಡಿರಲಿಲ್ಲ.

"ಇದು ಯಾವ ದರ್ಜೆ ಯಜಮಾನರೆ?" ಎಂದು ಕೇಳಿದೆ.

ಅವರು ಮಗ್ಗಕ್ಕಿಳಿದು ಲಾಳಿಯನ್ನು ಕೈಗೆತ್ತಿಕೊಂಡರು. "ಸೋಮವಾರ ಸಾಹುಕಾರರು ಬರ್ತಾರೆ. ಅವರು ಹೇಳ್ತಾರೆ."